ಓರ್ಕಾಗಳಿರುವ ಸಮುದ್ರದಲ್ಲಿ ಹಾಯಿದೋಣಿ ನಡೆಸುವವರಿಗೆ

ಸಕಲೇಶಪುರದ ನಮ್ಮ ತೋಟಕ್ಕೆ ಹೊಂದಿಕೊಂಡಿರುವ ತೋಟದವರ ಮಗಳು ಬರುವ ಏಪ್ರಿಲ್‌ನಲ್ಲಿ ಲಿಸ್ಬನ್‌ನಿಂದ ಸ್ಪೇನಿನ ಮಾಲಗಾಕ್ಕೆ ಹೊರಡುವ 12 ಮೀಟರ್ ಉದ್ದದ ಹಾಯಿದೋಣಿಯೊಂದರಲ್ಲಿ ಸಿಬ್ಬಂದಿಯಾಗಿ ಸೇರುತ್ತಿದ್ದಾಳೆ. ಹೋದ ವಾರ ಮನೆಗೆ ಬಂದವಳು, "ಅಣ್ಣಾ, ದಾರಿಯಲ್ಲಿ ಓರ್ಕಾ ಬಂದರೆ ಏನು ಮಾಡಬೇಕು?" ಎಂದು ಕೇಳಿದಳು. ನಾನು ಆರು ಬೇಸಿಗೆಗಳ ಕಾಲ ಅದೇ ಕರಾವಳಿಯಲ್ಲಿ ಬೇರೆಯವರ ಹಾಯಿದೋಣಿಗಳನ್ನು ಒಂದು ಬಂದರಿನಿಂದ ಇನ್ನೊಂದಕ್ಕೆ ತಲುಪಿಸುವ ಕೆಲಸ ಮಾಡಿದವನು. 2022ರ ಜೂನ್‌ನಲ್ಲಿ ದಕ್ಷಿಣ ಸ್ಪೇನಿನ ಬಾರ್ಬಾಟೆ ಎಂಬ ಊರಿನ ಎದುರಿನ ಸಮುದ್ರದಲ್ಲಿ ಓರ್ಕಾಗಳು ನಮ್ಮ ದೋಣಿಯ ಚುಕ್ಕಾಣಿಯನ್ನು ಮುರಿದವು. ಅವಳಿಗೆ ಹೇಳಿದ್ದನ್ನೇ, ಹಾಸನ ಮತ್ತು ಚಿಕ್ಕಮಗಳೂರು ಕಡೆಯಿಂದ ಈ ಕೆಲಸಕ್ಕೆ ಹೋಗುವ ಇತರರಿಗೂ ಉಪಯೋಗವಾಗಲಿ ಎಂದು, ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಓರ್ಕಾವನ್ನು ಕೊಲೆಗಾರ ತಿಮಿಂಗಿಲ ಎಂದು ಕರೆಯುವ ರೂಢಿಯಿದ್ದರೂ ಅದು ಡಾಲ್ಫಿನ್ ಕುಟುಂಬಕ್ಕೆ ಸೇರಿದ ಪ್ರಾಣಿ, ಆ ಕುಟುಂಬದಲ್ಲೇ ದೊಡ್ಡದು. ಸ್ವತಂತ್ರವಾಗಿ ಸಮುದ್ರದಲ್ಲಿರುವ ಓರ್ಕಾ ಮನುಷ್ಯನನ್ನು ಕೊಂದ ದಾಖಲೆ ಇಲ್ಲ. ಈ ಮಾತನ್ನು ದೋಣಿ ಹತ್ತುವ ಮೊದಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕು, ಏಕೆಂದರೆ ಆರು ಮೀಟರ್ ಉದ್ದದ ಪ್ರಾಣಿಯೊಂದು ಕೈಗೆಟಕುವಷ್ಟು ಹತ್ತಿರ ಬಂದು ಉಸಿರು ಬಿಟ್ಟಾಗ ಅದನ್ನು ಹೊಸದಾಗಿ ನೆನಪಿಸಿಕೊಳ್ಳುವುದು ಸುಲಭವಲ್ಲ. ಅಪಾಯ ಬರುವುದು ದೋಣಿಗೆ, ಅದರಲ್ಲೂ ನೀರಿನೊಳಗಿರುವ ಚುಕ್ಕಾಣಿಯ ಹಲಗೆಗೆ. ಹಲಗೆ ಮುರಿದರೆ ದೋಣಿಯನ್ನು ತಿರುಗಿಸಲಾಗುವುದಿಲ್ಲ. ಹಲಗೆಯ ದಂಡ ದೋಣಿಯ ತಳವನ್ನು ಹಾದುಹೋಗುವ ಜಾಗ ಸೀಳಿದರೆ ನೀರು ಒಳಗೆ ನುಗ್ಗುತ್ತದೆ. ಹೀಗೆ ಮುಳುಗಿದ ದೋಣಿಗಳಿವೆ. 2023ರ ಅಕ್ಟೋಬರ್ 31ರಂದು ಮೊರಾಕ್ಕೊದ ಕರಾವಳಿಯಲ್ಲಿ ಓರ್ಕಾಗಳು ಸುಮಾರು 45 ನಿಮಿಷ ಕಾಡಿದ ದೋಣಿಯೊಂದನ್ನು ಎಳೆದು ತರುತ್ತಿರುವಾಗ, ಅದು ಟ್ಯಾಂಜಿಯರ್ ಮೆಡ್ ಬಂದರಿನ ಬಾಗಿಲಲ್ಲೇ ಮುಳುಗಿತು. 2024ರ ಮೇ 12ರಂದು ಮೊರಾಕ್ಕೊದ ಕೇಪ್ ಸ್ಪಾರ್ಟೆಲ್ ಭೂಶಿರದ ಬಳಿ 15 ಮೀಟರ್ ಉದ್ದದ ಇನ್ನೊಂದು ದೋಣಿ ಮುಳುಗಿದಾಗ ಅದರಲ್ಲಿದ್ದ ಇಬ್ಬರನ್ನು ಹತ್ತಿರದಲ್ಲಿದ್ದ ತೈಲದ ಹಡಗು ಎತ್ತಿಕೊಂಡಿತು. 2025ರ ಸೆಪ್ಟೆಂಬರ್‌ನಲ್ಲಿ ಲಿಸ್ಬನ್ ಸಮೀಪದ ಕೋಸ್ಟಾ ದ ಕಪಾರಿಕಾ ಎದುರು ಮತ್ತೊಂದು ಮುಳುಗಿತು. ಈ ಮೂರೂ ಘಟನೆಗಳಲ್ಲಿ ಜನರು ಸುರಕ್ಷಿತವಾಗಿ ಹೊರಬಂದರು.

ಯಾವ ಓರ್ಕಾಗಳು, ಎಲ್ಲಿ, ಯಾವಾಗ

ಜಗತ್ತಿನ ಎಲ್ಲ ಓರ್ಕಾಗಳೂ ಹೀಗೆ ಮಾಡುವುದಿಲ್ಲ. ಸ್ಪೇನ್ ಮತ್ತು ಪೋರ್ಚುಗಲ್‌ನ ಅಟ್ಲಾಂಟಿಕ್ ಕರಾವಳಿಯಲ್ಲಿರುವ ಐಬೀರಿಯದ ಓರ್ಕಾಗಳೆಂಬ ಸಣ್ಣ ಗುಂಪಿನಲ್ಲಿ 2020ರಲ್ಲಿ ಈ ನಡವಳಿಕೆ ಶುರುವಾಯಿತು. ಆ ಗುಂಪಿನ ಒಟ್ಟು ಸಂಖ್ಯೆಯೇ 50ಕ್ಕಿಂತ ಕಡಿಮೆ. ದೋಣಿಗಳ ಚುಕ್ಕಾಣಿಗೆ ಕೈಹಾಕುವವು ಅವುಗಳಲ್ಲಿ ಸುಮಾರು 15. 2019ರಿಂದ ಇವು ಅಳಿವಿನಂಚಿನ ತೀವ್ರ ಅಪಾಯದ ಪಟ್ಟಿಯಲ್ಲಿವೆ. ಇವುಗಳ ಮುಖ್ಯ ಆಹಾರ ನೀಲಿರೆಕ್ಕೆಯ ಟ್ಯೂನಾ ಮೀನು. ಟ್ಯೂನಾ ವಸಂತದಲ್ಲಿ ಮೊಟ್ಟೆಯಿಡಲು ಜಿಬ್ರಾಲ್ಟರ್ ಜಲಸಂಧಿಯ ಮೂಲಕ ಮೆಡಿಟರೇನಿಯನ್‌ಗೆ ಹೋಗುತ್ತದೆ, ಬೇಸಿಗೆಯ ನಡುವೆ ಹಿಂದಿರುಗುತ್ತದೆ. ಓರ್ಕಾಗಳು ಅದರ ಬೆನ್ನು ಹಿಡಿದು ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಜಲಸಂಧಿಯಲ್ಲೂ ಕಾಡಿಜ್ ಕೊಲ್ಲಿಯಲ್ಲೂ ಹೆಚ್ಚಾಗಿರುತ್ತವೆ. ಬೇಸಿಗೆಯ ಕೊನೆಗೆ ಪೋರ್ಚುಗಲ್ ಕರಾವಳಿಯಗುಂಟ ಉತ್ತರಕ್ಕೆ ಸರಿದು ಗಲೀಷಿಯಾ ಮತ್ತು ಬಿಸ್ಕೆ ಕೊಲ್ಲಿಯ ಕಡೆ ಸಾಗುತ್ತವೆ.

ಹಲಸು ಹಣ್ಣಾದಾಗ ಆನೆ ಯಾವ ತೋಟಕ್ಕೆ ಇಳಿಯುತ್ತದೆ, ಭತ್ತ ಹಾಲುಗಟ್ಟಿದಾಗ ಯಾವ ಬಯಲಿಗೆ ಬರುತ್ತದೆ ಎಂದು ನಮ್ಮ ಕಡೆಯವರಿಗೆ ಗೊತ್ತಿರುವ ಹಾಗೆಯೇ ಇದೂ. ಮೇವು ಎಲ್ಲಿದೆಯೋ ಅಲ್ಲಿ ಹಿಂಡು ಇರುತ್ತದೆ. ಆದ್ದರಿಂದ ಪ್ರಯಾಣದ ದಿನಾಂಕ ನಿಮ್ಮ ಕೈಯಲ್ಲಿದ್ದರೆ ಮೊದಲು ಅದನ್ನೇ ನೋಡಿಕೊಳ್ಳಿ. ಚಳಿಗಾಲದ ಕೊನೆಯಲ್ಲಿ ಜಲಸಂಧಿ ದಾಟಲು ಸಾಧ್ಯವಿರುವ ದೋಣಿ ಜೂನ್‌ವರೆಗೆ ಕಾಯಬೇಕಾಗಿಲ್ಲ. ಸಿಬ್ಬಂದಿಯಾಗಿ ಸೇರುವವರಿಗೆ ದಿನಾಂಕ ನಿರ್ಧರಿಸುವ ಅಧಿಕಾರ ಇರುವುದಿಲ್ಲ ನಿಜ. ಆದರೆ ಕ್ಯಾಪ್ಟನ್‌ರನ್ನು ಕೇಳುವ ಹಕ್ಕು ಇದೆ. ಅವರು ಕೊಡುವ ಉತ್ತರದಿಂದ ಅವರ ತಯಾರಿ ಎಷ್ಟೆಂಬುದೂ ನಿಮಗೆ ತಿಳಿಯುತ್ತದೆ.

ಹೀಗೇಕೆ ಮಾಡುತ್ತವೆ ಎಂಬ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಹೆಣ್ಣು ಓರ್ಕಾವೊಂದು ಹಿಂದೆ ದೋಣಿಯಿಂದ ಗಾಯಗೊಂಡು ಸೇಡು ತೀರಿಸುತ್ತಿದೆ ಎಂಬ ಕಥೆ ಪತ್ರಿಕೆಗಳಲ್ಲಿ ಬಹಳ ಓಡಾಡಿತು. 2024ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗದ ಆಶ್ರಯದಲ್ಲಿ ಸೇರಿದ ತಜ್ಞರು ಇದನ್ನು ಆಕ್ರಮಣವೆಂದು ಪರಿಗಣಿಸಲಿಲ್ಲ. ಎಳೆಯ ಪ್ರಾಣಿಗಳಲ್ಲಿ ಹುಟ್ಟಿ ಒಂದರಿಂದ ಇನ್ನೊಂದಕ್ಕೆ ಹರಡಿದ ಆಟವೆಂಬುದೇ ಅವರ ಒಲವು. ಟ್ಯೂನಾ ಸಂಖ್ಯೆ ಚೇತರಿಸಿಕೊಂಡು ಹೊಟ್ಟೆಪಾಡು ಸುಲಭವಾದ್ದರಿಂದ ಆಟಕ್ಕೆ ಬಿಡುವು ಸಿಕ್ಕಿರಬಹುದು ಎಂದೂ ಅವರು ಊಹಿಸಿದ್ದಾರೆ. ಓರ್ಕಾಗಳಲ್ಲಿ ಇಂಥ ಗೀಳು ಹೊಸದಲ್ಲ: 1987ರಲ್ಲಿ ಅಮೆರಿಕದ ವಾಯವ್ಯ ಕರಾವಳಿಯ ಒಂದು ಗುಂಪಿನ ಓರ್ಕಾಗಳು ಸತ್ತ ಸಾಲ್ಮನ್ ಮೀನನ್ನು ತಲೆಯ ಮೇಲೆ ಹೊತ್ತು ತಿರುಗಿದ್ದವು. ನಾನು ನೋಡಿದ್ದೂ ಆಟದ ಮಾತಿಗೇ ಹೊಂದುತ್ತದೆ. ಮುರಿದ ಹಲಗೆಯ ತುಂಡನ್ನು ಮರಿ ಓರ್ಕಾ ಮೂತಿಯಿಂದ ನೂಕುತ್ತಾ ದೋಣಿಯ ಸುತ್ತ ಒಂದು ಸುತ್ತು ಬಂದದ್ದನ್ನು ನಾನು ಎಂದೂ ಮರೆಯಲಾರೆ. ನಮ್ಮ ಜೀವ ಬಾಯಿಗೆ ಬಂದಿತ್ತು, ಅದಕ್ಕೆ ಮಾತ್ರ ಆ ತುಂಡು ಸಾಕಾಗಿತ್ತು.

ದಾರಿಯ ಆಯ್ಕೆ

ಈಗ ಸ್ಪೇನ್ ಸರ್ಕಾರದ ಸಲಹೆಯೂ ಅನುಭವಿಗಳ ಮಾತೂ ಒಂದೇ: ಈ ಪ್ರದೇಶದಲ್ಲಿ ಸುರಕ್ಷತೆ ಅನುಮತಿಸುವಷ್ಟು ಮಟ್ಟಿಗೆ ದಡಕ್ಕೆ ಹತ್ತಿರವಾಗಿ, ಆಳ ಕಡಿಮೆಯಿರುವ ನೀರಿನಲ್ಲಿ ಸಾಗಬೇಕು. 20 ಮೀಟರ್ ಆಳದ ಗೆರೆಯನ್ನು ಅನೇಕರು ಅಳತೆಯಾಗಿ ಇಟ್ಟುಕೊಳ್ಳುತ್ತಾರೆ. ಅದರೊಳಗೆ ಓರ್ಕಾ ಬರುವುದೇ ಇಲ್ಲವೆಂದಲ್ಲ, ಆದರೆ ಆಳದ ನೀರಿಗಿಂತ ಅಲ್ಲಿ ಘಟನೆಗಳು ಕಡಿಮೆ.

ಈ ಸಲಹೆಯನ್ನು ಕಣ್ಣುಮುಚ್ಚಿ ಪಾಲಿಸಿದರೆ ಬೇರೆ ಅಪಾಯಗಳಿಗೆ ಸಿಕ್ಕಿಕೊಳ್ಳುತ್ತೀರಿ. ಕೊನಿಲ್, ಬಾರ್ಬಾಟೆ, ಜಹಾರಾ ಮತ್ತು ತಾರೀಫಾ ಎಂಬ ನಾಲ್ಕು ಊರುಗಳ ಎದುರಿನಲ್ಲಿ ವಸಂತದಿಂದ ಬೇಸಿಗೆಯ ಆರಂಭದವರೆಗೆ ಅಲ್ಮದ್ರಾಬಾ ಎಂಬ ಟ್ಯೂನಾ ಬಲೆಗಳನ್ನು ದಡದಿಂದ ಸಮುದ್ರದೊಳಕ್ಕೆ ಹಾಕಿರುತ್ತಾರೆ. ಇವು ಕೈಬಲೆಗಳಲ್ಲ, ಲಂಗರು ಹಾಕಿ ನಿಲ್ಲಿಸಿದ, ಒಂದು ತೋಟದ ಬೇಲಿಯಷ್ಟು ಉದ್ದದ ಗೋಡೆಗಳು. ಕೀಲ್ (ದೋಣಿಯ ತಳದಿಂದ ಕೆಳಗಿಳಿದಿರುವ ಭಾರದ ಭಾಗ) ಅಥವಾ ಪ್ರೊಪೆಲರ್ ಅದಕ್ಕೆ ಸಿಕ್ಕಿಕೊಂಡರೆ ಓರ್ಕಾ ಇಲ್ಲದೆಯೇ ರಕ್ಷಣಾ ದೋಣಿಯನ್ನು ಕರೆಯಬೇಕಾಗುತ್ತದೆ. ಟ್ರಫಾಲ್ಗರ್ ಭೂಶಿರದ ಎದುರಿನಲ್ಲಿ ನೀರಿನಡಿಯ ದಿಬ್ಬಗಳಿವೆ. ಇದರ ಮೇಲೆ ಗಾಳಿ: ಪೂರ್ವದಿಂದ ಬೀಸುವ ಲೆವಾಂತೆ ತಾರೀಫಾದ ಬಳಿ ಎದ್ದರೆ ದಿನಗಟ್ಟಲೆ ನಿಲ್ಲುವುದಿಲ್ಲ. ಗಾಳಿ ದಡದ ಕಡೆಗೆ ದೂಡುತ್ತಿರುವಾಗ ದಡಕ್ಕೆ ಅಂಟಿಕೊಂಡು ಹೋಗುವುದು ತಪ್ಪು ತೀರ್ಮಾನ; ಅಂಥ ದಿನ ಬಂದರಿನಲ್ಲೇ ಉಳಿಯುವುದು ಸರಿ. ಬಲೆಗಳ ಜಾಗವನ್ನು ಆ ವರ್ಷದ ನೌಕಾ ಸೂಚನೆಗಳಿಂದ ನಕ್ಷೆಯ ಮೇಲೆ ಗುರುತು ಹಾಕಿಕೊಂಡು, ಅವುಗಳ ಹೊರಗೆ ಎಲ್ಲಿ ಸುತ್ತಬೇಕು, ಮತ್ತೆ ಎಲ್ಲಿ ಒಳಗೆ ಬರಬೇಕು ಎಂಬುದನ್ನು ಹೊರಡುವ ಹಿಂದಿನ ರಾತ್ರಿಯೇ ಬರೆದಿಡಿ. ಆ ಹೊರಸುತ್ತಿನ ಹೊತ್ತಿನಲ್ಲಿ ಒಬ್ಬರು ಹಿಂಬದಿಯನ್ನೇ ನೋಡುತ್ತಿರಬೇಕು.

ಯಸಳೂರು, ಹೆತ್ತೂರು ಕಡೆ ಕೆಲಸಕ್ಕೆ ಹೊರಡುವ ಮೊದಲು ವಾಟ್ಸಾಪ್ ಗುಂಪಿನಲ್ಲಿ ಆನೆ ಯಾವ ಎಸ್ಟೇಟಿನಲ್ಲಿದೆ ಎಂದು ನೋಡಿಯೇ ಆಳುಗಳನ್ನು ಕಳಿಸುತ್ತೇವಲ್ಲ, ಓರ್ಕಾಗಳಿಗೂ ಅಂಥದ್ದೇ ವ್ಯವಸ್ಥೆ ಇದೆ. ಅಟ್ಲಾಂಟಿಕ್ ಓರ್ಕಾ ಕಾರ್ಯಪಡೆಯವರ ಜಿಟಿ ಓರ್ಕಾಸ್ ಎಂಬ ಆ್ಯಪ್‌ನಲ್ಲಿ ಇತ್ತೀಚಿನ ಘಟನೆಗಳು ನಕ್ಷೆಯ ಮೇಲೆ ಕಾಣುತ್ತವೆ. ಬ್ರಿಟನ್ನಿನ ಕ್ರೂಸಿಂಗ್ ಅಸೋಸಿಯೇಷನ್ ಎಂಬ ದೋಣಿ ನಡೆಸುವವರ ಸಂಘ ಕೂಡ ನಾವಿಕರ ವರದಿಗಳನ್ನು ಸಂಗ್ರಹಿಸಿ ಪ್ರಕಟಿಸುತ್ತದೆ. ಹೊರಡುವ ಬೆಳಿಗ್ಗೆ ಒಮ್ಮೆ, ಮೊಬೈಲ್ ಸಿಗ್ನಲ್ ಸಿಕ್ಕಾಗಲೆಲ್ಲ ಇನ್ನೊಮ್ಮೆ ನೋಡಿ. ನಿನ್ನೆ ಒಂದು ಕಡೆ ಕಂಡ ಗುಂಪು ಇಂದು ನೂರು ಕಿಲೋಮೀಟರ್ ಆಚೆ ಇರಬಹುದು, ಹಾಗಾಗಿ ಹಳೆಯ ಗುರುತಿನ ಮೇಲೆ ಭಾರ ಹಾಕಬೇಡಿ.

ದೋಣಿಯ ತಯಾರಿ

ಚುಕ್ಕಾಣಿಯ ದಂಡ ದೋಣಿಯೊಳಗೆ ಎಲ್ಲಿ ಬರುತ್ತದೆ ಎಂಬುದನ್ನು ಮೊದಲ ದಿನವೇ ಕಣ್ಣಾರೆ ನೋಡಿ, ಕೈಯಿಂದ ಮುಟ್ಟಿ. ಸಾಮಾನ್ಯವಾಗಿ ಅದು ಹಿಂಬದಿಯ ಸಾಮಾನು ಪೆಟ್ಟಿಗೆಯ ತಳದಲ್ಲಿರುತ್ತದೆ. ನಮ್ಮ ದೋಣಿಯಲ್ಲಿ ಆ ಪೆಟ್ಟಿಗೆಯ ತುಂಬ ಹಗ್ಗದ ಸುರುಳಿಗಳು, ದೋಣಿಯ ಬದಿ ಉಜ್ಜದಂತೆ ಕಟ್ಟುವ, ಗಾಳಿ ತುಂಬಿದ ಫೆಂಡರ್‌ಗಳು, ಮಡಿಸಿಟ್ಟ ಸೈಕಲ್ಲು, ಅರ್ಧ ಮೂಟೆ ಇದ್ದಿಲು ಇದ್ದವು. ನೀರು ಬರುತ್ತಿದೆಯೇ ಎಂದು ನೋಡಲು ಅದೆಲ್ಲವನ್ನೂ ಎತ್ತಿ ಹೊರಗೆಸೆಯಬೇಕಾಯಿತು, ಅದೂ ದೋಣಿಯ ಹಿಂಬದಿ ಗುದ್ದು ತಿನ್ನುತ್ತಿದ್ದಾಗ. ಅಂದಿನಿಂದ ನಾನು ಹತ್ತಿದ ಯಾವ ದೋಣಿಯಲ್ಲೂ ಈ ದಾರಿಯಲ್ಲಿ ಆ ಪೆಟ್ಟಿಗೆಯನ್ನು ಖಾಲಿ ಮಾಡಿಸದೆ ಬಂದರು ಬಿಟ್ಟಿಲ್ಲ.

ಅದರ ಪಕ್ಕದಲ್ಲೇ ಕೈಗೆ ಸಿಗುವಂತೆ ಇಟ್ಟಿರಬೇಕಾದ ವಸ್ತುಗಳು ಹೆಚ್ಚಿಲ್ಲ. ಬೇರೆ ಬೇರೆ ಗಾತ್ರದ ಮೆದು ಮರದ ಬೆಣೆಗಳು, ನೀರಿನಲ್ಲೂ ಗಟ್ಟಿಯಾಗುವ ಎಪಾಕ್ಸಿ ಅಂಟು, ಸೀಳಿಗೆ ತುರುಕಿ ಒತ್ತಲು ಹಳೆಯ ದಿಂಬು ಮತ್ತು ಟಾರ್ಪಾಲು, ಎರಡು ಗಟ್ಟಿ ಬಕೆಟ್, ಒಂದು ಟಾರ್ಚ್. ತಳದ ನೀರೆತ್ತುವ ಪಂಪನ್ನು, ವಿದ್ಯುತ್ತಿನದನ್ನೂ ಕೈಯದನ್ನೂ, ನಿಜವಾಗಿ ನೀರು ಸುರಿದು ಓಡಿಸಿ ನೋಡಿ. ಸ್ವಿಚ್ ಹಾಕಿದಾಗ ಸದ್ದು ಬರುವುದು ಪರೀಕ್ಷೆಯಲ್ಲ.

ಚುಕ್ಕಾಣಿಯನ್ನು ತಿರುಗಿಸುವ ಚಕ್ರದ ಸಂಪರ್ಕ ತಪ್ಪಿದರೆ ಬಳಸಲು ಪ್ರತಿ ದೋಣಿಯಲ್ಲೂ ತುರ್ತು ಚುಕ್ಕಾಣಿ ಹಿಡಿಕೆ ಇರುತ್ತದೆ. ಅದನ್ನು ಬಂದರಿನಲ್ಲೇ ಒಮ್ಮೆ ಜೋಡಿಸಿ ನೋಡಿ. ಡೆಕ್ಕಿನ ಮೇಲಿನ ಮುಚ್ಚಳ ಉಪ್ಪು ಹಿಡಿದು ತಿರುಗದಿರುವುದು, ಅದನ್ನು ತೆಗೆಯುವ ಕೀಲಿ ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲದಿರುವುದು ಬಹಳ ಸಾಮಾನ್ಯ. ಹಲಗೆಯೇ ಹೋದರೆ ಆ ಹಿಡಿಕೆಯಿಂದ ಪ್ರಯೋಜನವಿಲ್ಲ. ಆಗ ಉಳಿಯುವ ಉಪಾಯವೆಂದರೆ ಹಿಂಬದಿಯ ಎರಡೂ ಮೂಲೆಗಳಿಂದ ಹಗ್ಗ ಕಟ್ಟಿ ನೀರಿನಲ್ಲಿ ಎಳೆಯುವ ಡ್ರೋಗ್, ಅಂದರೆ ನೀರನ್ನು ತಡೆದು ಹಿಂದಕ್ಕೆ ಜಗ್ಗುವ ಸಾಧನ. ಎಡಗಡೆಯ ಹಗ್ಗ ಬಿಗಿಮಾಡಿದರೆ ದೋಣಿ ಎಡಕ್ಕೆ, ಬಲಗಡೆಯದನ್ನು ಬಿಗಿಮಾಡಿದರೆ ಬಲಕ್ಕೆ ನಿಧಾನವಾಗಿ ತಿರುಗುತ್ತದೆ. ಇದನ್ನು ಶಾಂತ ದಿನದಲ್ಲಿ ಒಂದು ಗಂಟೆ ಅಭ್ಯಾಸ ಮಾಡಿದವರಿಗೂ ಪುಸ್ತಕದಲ್ಲಿ ಓದಿದವರಿಗೂ ಅಜಗಜಾಂತರ.

ದೋಣಿ ಬಿಡುವ ಪರಿಸ್ಥಿತಿ ಬಂದರೆ ಎತ್ತಿಕೊಂಡು ಹೊರಡುವ ಚೀಲದಲ್ಲಿ ಹಡಗುಗಳೊಂದಿಗೂ ದಡದೊಂದಿಗೂ ಮಾತಾಡಲು ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ರೇಡಿಯೊ, ನೀರು, ಔಷಧಿ, ಪವರ್ ಬ್ಯಾಂಕ್ ಇರಲಿ. ನಮ್ಮವರಿಗೆ ವಿಶೇಷವಾಗಿ ಹೇಳಬೇಕಾದದ್ದು ಪಾಸ್‌ಪೋರ್ಟ್ ವಿಷಯ. ಯುರೋಪಿನ ಸಹೋದ್ಯೋಗಿಗಳಿಗೆ ಗುರುತಿನ ಚೀಟಿ ಕಳೆದರೆ ತೊಂದರೆ ಒಂದು ದಿನದ್ದು, ನಮಗೆ ಮ್ಯಾಡ್ರಿಡ್ ಅಥವಾ ಲಿಸ್ಬನ್‌ನ ಭಾರತೀಯ ರಾಯಭಾರ ಕಚೇರಿಯವರೆಗೆ ಅಲೆದಾಟ. ಪಾಸ್‌ಪೋರ್ಟನ್ನು ನೀರು ಹೋಗದ ಚೀಲದಲ್ಲಿ ಇಟ್ಟು, ಅದರ ಮತ್ತು ವೀಸಾದ ಪ್ರತಿಯನ್ನು ಊರಿನಲ್ಲಿ ಒಬ್ಬರ ಹತ್ತಿರ ಕೊಟ್ಟು ಬನ್ನಿ. ಜಲಸಂಧಿಯ ಅತಿ ಕಿರಿದಾದ ಭಾಗ ಸುಮಾರು 14 ಕಿಲೋಮೀಟರ್ ಅಷ್ಟೇ, ಆಚೆ ದಡ ಮೊರಾಕ್ಕೊ. ನಿಮ್ಮನ್ನು ಎತ್ತಿಕೊಂಡ ಹಡಗು ಅಲ್ಲಿಗೂ ಕರೆದೊಯ್ಯಬಹುದು. ಯುರೋಪಿನ ಹಲವು ದೇಶಗಳಿಗೆ ಸಾಮಾನ್ಯವಾದ ಷೆಂಗೆನ್ ವೀಸಾ ಒಂದೇ ಪ್ರವೇಶದ್ದಾಗಿದ್ದರೆ ಹಿಂದಿರುಗುವಾಗ ತೊಡಕಾಗುತ್ತದೆ, ಆದ್ದರಿಂದ ಅರ್ಜಿ ಹಾಕುವಾಗಲೇ ಹಲವು ಪ್ರವೇಶದ ವೀಸಾ ಕೇಳಿ.

ಓರ್ಕಾ ಬಂದಾಗ

ನಾವು ತಪ್ಪಿದ್ದು ಇಲ್ಲಿ, ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಆಗ ಚಾಲ್ತಿಯಲ್ಲಿದ್ದ ಸಲಹೆ ದೋಣಿಯನ್ನು ನಿಲ್ಲಿಸಬೇಕು, ಹಾಯಿ ಇಳಿಸಬೇಕು, ಸುಮ್ಮನಿರಬೇಕು ಎಂದಿತ್ತು. ನನ್ನ ಮನಸ್ಸಿಗೂ ಅದೇ ಸರಿ ಕಂಡಿತ್ತು, ಏಕೆಂದರೆ ಬಿಕ್ಕೋಡು ರಸ್ತೆಯಲ್ಲಿ ಆನೆ ಎದುರಾದರೆ ನಾವು ದೂರದಲ್ಲೇ ಜೀಪು ನಿಲ್ಲಿಸಿ, ಹಾರನ್ ಮಾಡದೆ, ಅದು ದಾಟುವವರೆಗೆ ಕಾಯುತ್ತೇವೆ. ಆದರೆ ಆನೆ ರಸ್ತೆ ದಾಟಿ ತನ್ನ ಪಾಡಿಗೆ ಹೋಗುತ್ತದೆ, ಓರ್ಕಾಗಳು ಬಂದಿದ್ದೇ ನಮ್ಮ ಚುಕ್ಕಾಣಿಗಾಗಿ. ನಿಂತ ದೋಣಿಯ ಚುಕ್ಕಾಣಿ ಅವಕ್ಕೆ ಕೈಗೆ ಕೊಟ್ಟ ಆಟಿಕೆಯಾಯಿತು. ವರ್ಷಗಟ್ಟಲೆ ನಾವಿಕರು ಕಳಿಸಿದ ನೂರಾರು ವರದಿಗಳನ್ನು ನೋಡಿದ ಮೇಲೆ ಸಲಹೆ ಬದಲಾಗಿದೆ. ಈಗ ಹೇಳುವುದು, ನಿಲ್ಲಿಸಬೇಡಿ, ಎಂಜಿನ್ ಚಾಲೂ ಮಾಡಿ ಕಡಿಮೆ ಆಳದ ನೀರಿನ ಕಡೆಗೆ, ದಡದತ್ತ, ಅವು ಆಸಕ್ತಿ ಕಳೆದುಕೊಳ್ಳುವವರೆಗೆ ಸಾಗುತ್ತಲೇ ಇರಿ. ಹಳೆಯ ಕೈಪಿಡಿಗಳು, ಹಳೆಯ ವಿಡಿಯೊಗಳು ಇನ್ನೂ ಹರಿದಾಡುತ್ತಿವೆ. ಓದುವಾಗ ಯಾವ ವರ್ಷದ್ದೆಂದು ನೋಡಿ.

ಅವು ಹೆಚ್ಚಾಗಿ ಹಿಂದಿನಿಂದ, ಸದ್ದಿಲ್ಲದೆ ಬರುತ್ತವೆ. ನಮಗೆ ಮೊದಲು ತಿಳಿದದ್ದು ನೀರಿನ ಮೇಲೆ ಕಾಣುವ ಬೆನ್ನಿನ ರೆಕ್ಕೆಯಿಂದಲ್ಲ, ಚಕ್ರದಿಂದ. ಆಟೊಪೈಲಟ್ ಹಿಡಿದಿದ್ದ ಚಕ್ರ ಒಮ್ಮೆ ನಡುಗಿ, ಮರುಕ್ಷಣ ಎಡಕ್ಕೆ ಗಿರ್ರನೆ ತಿರುಗಿ ಕೊನೆಗೆ ಬಡಿದು ನಿಂತಿತು, ಮತ್ತೆ ಬಲಕ್ಕೆ. ಒಳಗೆಲ್ಲೋ ಕಬ್ಬಿಣ ನರಳಿದ ಸದ್ದು. ಆಮೇಲೆ ಹಿಂಬದಿಯಲ್ಲಿ ಫೂ ಎಂಬ ಉಸಿರು, ಮೀನಿನ ವಾಸನೆ, ಕಪ್ಪು ಬೆನ್ನು, ಕಣ್ಣಿನ ಹಿಂದಿನ ಆ ಬಿಳಿ ಮಚ್ಚೆ. ನನ್ನ ಜೊತೆಗಾರ ಚಕ್ರವನ್ನು ತಡೆಯಲು ಕೈ ಹಾಕಿದ. ಮಣಿಕಟ್ಟು ಉಳುಕಿ ತಿಂಗಳುಗಟ್ಟಲೆ ನೋವು ಅನುಭವಿಸಿದ.

ಇದರಿಂದ ಕಲಿತ ಕ್ರಮ ಹೀಗೆ. ಓರ್ಕಾ ಕಂಡ ಕೂಡಲೇ ಆಟೊಪೈಲಟ್ ಬಿಡಿಸಿ, ಇಲ್ಲವಾದರೆ ಅದರ ಯಂತ್ರ ಮುರಿಯುತ್ತದೆ. ಎಂಜಿನ್ ಚಾಲೂ ಮಾಡಿ, ನಕ್ಷೆಯಲ್ಲಿ ಮೊದಲೇ ಗುರುತಿಸಿದ ಕಡಿಮೆ ಆಳದ ದಿಕ್ಕಿಗೆ ತಿರುಗಿ. ಚಕ್ರ ಹಿಡಿದವರು ಕೈಯನ್ನು ಅರಗಳ ನಡುವೆ ಎಂದೂ ಹಾಕಬಾರದು. ಹೊರಬಳೆಯ ಮೇಲೆ ಹಗುರವಾಗಿ ಅಂಗೈಯಿಟ್ಟು ನಡೆಸಿ, ಕೆಳಗಿನಿಂದ ಗುದ್ದು ಬಿದ್ದಾಗ ಕೈ ತೆಗೆದು, ಬಿಟ್ಟಾಗ ಮತ್ತೆ ದಿಕ್ಕಿಗೆ ತಂದುಕೊಳ್ಳಿ. ಉಳಿದವರೆಲ್ಲ ಜೀವರಕ್ಷಕ ಜಾಕೆಟ್ ಹಾಕಿ ಅಂಚಿನಿಂದ ದೂರ, ನಡುವಿನಲ್ಲಿ ಕುಳಿತುಕೊಳ್ಳಬೇಕು. ಇಷ್ಟು ಹತ್ತಿರದ ದೃಶ್ಯವನ್ನು ಫೋನಿನಲ್ಲಿ ಹಿಡಿಯುವ ಆಸೆ ಎಲ್ಲರಿಗೂ ಆಗುತ್ತದೆ. ಬಗ್ಗಿದವರು ಒಂದು ಗುದ್ದಿಗೆ ನೀರಿಗೆ ಬೀಳುತ್ತಾರೆ. ಒಬ್ಬರು ಮಾತ್ರ ಒಳಗೆ ಹೋಗಿ ಆ ಖಾಲಿ ಪೆಟ್ಟಿಗೆಯ ತಳವನ್ನು ಕೆಲವು ನಿಮಿಷಗಳಿಗೊಮ್ಮೆ ನೋಡಿ ಬರಬೇಕು.

ಪಟಾಕಿ ಎಸೆಯುವುದು, ಕೊಕ್ಕೆಯಿಂದ ಚುಚ್ಚುವುದು, ಡೀಸೆಲ್ ಸುರಿಯುವುದು ಕೂಡದು. ಸ್ಪೇನಿನಲ್ಲಿ 2007ರ ರಾಜಾಜ್ಞೆಯೊಂದು ತಿಮಿಂಗಿಲ ಮತ್ತು ಡಾಲ್ಫಿನ್‌ಗಳನ್ನು ಇಂಥದ್ದರಿಂದ ಕಾಪಾಡುತ್ತದೆ, ಉಲ್ಲಂಘಿಸಿದರೆ ದಂಡ ಬೀಳುತ್ತದೆ. ಕಾನೂನನ್ನು ಬಿಟ್ಟು ನೋಡಿದರೂ, ಪಟಾಕಿ ಹೊಡೆದು ಹೊಡೆದು ಆನೆಗಳಿಗೆ ಅದರ ಭಯವೇ ಹೋಗಿ, ಕೆಲವಕ್ಕೆ ಸಿಟ್ಟು ಮಾತ್ರ ಉಳಿದದ್ದನ್ನು ನಮ್ಮ ತಾಲ್ಲೂಕಿನವರು ಕಣ್ಣಾರೆ ಕಂಡಿದ್ದೇವೆ. ಐವತ್ತೂ ಇಲ್ಲದ ಪ್ರಾಣಿಗಳಲ್ಲಿ ಒಂದಕ್ಕೆ ಗಾಯ ಮಾಡಿ ಉಳಿಸಿಕೊಳ್ಳುವ ಚುಕ್ಕಾಣಿ ನನಗೆ ಬೇಡ.

ಸಹಾಯ ಕೇಳುವುದನ್ನು ತಡಮಾಡಬೇಡಿ. ವಿಎಚ್‌ಎಫ್ ಚಾನೆಲ್ 16 ಎಲ್ಲ ಕಡೆಯೂ ಸರಿ. ಜಲಸಂಧಿಯಲ್ಲಿ ತಾರೀಫಾದ ಹಡಗು ಸಂಚಾರ ಕೇಂದ್ರದವರು ಚಾನೆಲ್ 10ರಲ್ಲೂ ಕೇಳುತ್ತಿರುತ್ತಾರೆ. ಚುಕ್ಕಾಣಿ ಕೆಟ್ಟಿದ್ದು ನೀರು ಬರದಿದ್ದರೆ ತುರ್ತು ಕರೆಯಾದ ಪ್ಯಾನ್‌-ಪ್ಯಾನ್, ನೀರು ಪಂಪನ್ನು ಮೀರಿ ಏರುತ್ತಿದ್ದರೆ ಜೀವಾಪಾಯದ ಕರೆಯಾದ ಮೇಡೇ. ದೋಣಿಯ ಹೆಸರು, ಅಕ್ಷಾಂಶ ರೇಖಾಂಶ, ಜನರ ಸಂಖ್ಯೆ, ಏನಾಗಿದೆ ಎಂಬ ಕ್ರಮದಲ್ಲಿ ನಿಧಾನವಾಗಿ ಹೇಳಿ. ಈ ಸಾಲುಗಳನ್ನು ಕಾಗದದಲ್ಲಿ ಬರೆದು ರೇಡಿಯೊ ಪಕ್ಕದಲ್ಲಿ ಅಂಟಿಸಿಟ್ಟರೆ, ಕ್ಯಾಪ್ಟನ್ ಬೇರೆ ಕೆಲಸದಲ್ಲಿದ್ದಾಗ ಹೊಸಬರೂ ಓದಿ ಹೇಳಬಹುದು. ಅಂದು ಹಾಗೆ ಓದಿದವನು ನಾನೇ. ಸ್ಪೇನಿನ ಸಮುದ್ರ ರಕ್ಷಣಾ ದಳದ ಕಿತ್ತಳೆ ಬಣ್ಣದ ದೋಣಿ ಬಂದು ನಮ್ಮನ್ನು ಬಾರ್ಬಾಟೆ ಬಂದರಿಗೆ ಎಳೆದೊಯ್ದಿತು. ಜೀವರಕ್ಷಕ ತೆಪ್ಪಕ್ಕೆ ಇಳಿಯುವುದು ಕೊನೆಯ ಹೆಜ್ಜೆ: ದೋಣಿ ನಿಜವಾಗಿ ಮುಳುಗುತ್ತಿದೆ ಎಂದು ಖಚಿತವಾಗುವವರೆಗೆ ಅದನ್ನು ಬಿಡಬೇಡಿ.

ಬಂದರು ಸೇರಿದ ಮೇಲೆ

ಚಕ್ರ ತಿರುಗುತ್ತಿದೆಯೆಂದು ಮರುದಿನವೇ ಹೊರಡಬೇಡಿ. ದೋಣಿಯನ್ನು ನೀರಿನಿಂದ ಎತ್ತಿಸಿ, ಹಲಗೆಯನ್ನೂ ದಂಡದ ಬೇರಿಂಗನ್ನೂ ಸುತ್ತಲಿನ ಫೈಬರನ್ನೂ ನೋಡಿಸಬೇಕು. ಒಳಗೆ ಕೂದಲೆಳೆಯಷ್ಟಿರುವ ಬಿರುಕು ಮುಂದಿನ ಅಲೆಗಳಲ್ಲಿ ಬಾಯಿ ಬಿಡುತ್ತದೆ. ನಮ್ಮ ಹಲಗೆಯ ಕೆಳಗಿನ ಮೂರನೇ ಒಂದು ಭಾಗ ಇರಲೇ ಇಲ್ಲ, ಉಳಿದ ಭಾಗದ ಅಂಚಿನಲ್ಲಿ ಹಲ್ಲಿನ ಗೀರುಗಳು ಬಾಚಣಿಗೆ ಎಳೆದಂತೆ ಸಾಲಾಗಿದ್ದವು. ವಿಮೆಗೂ ಸಂಶೋಧಕರಿಗೂ ಬೇಕಾಗುವುದರಿಂದ ಅಂಥ ಗುರುತುಗಳ ಫೋಟೊ ತೆಗೆಯಿರಿ.

ಆಮೇಲೆ ಓರ್ಕಾ ಕಾರ್ಯಪಡೆಗೂ ಕ್ರೂಸಿಂಗ್ ಅಸೋಸಿಯೇಷನ್‌ಗೂ ವರದಿ ಕಳಿಸಿ: ಗಂಟೆ, ಜಾಗ, ಆಳ, ವೇಗ, ಎಂಜಿನ್ ಓಡುತ್ತಿತ್ತೇ, ಎಷ್ಟು ಓರ್ಕಾಗಳು, ಎಷ್ಟು ಹೊತ್ತು, ನೀವು ಏನು ಮಾಡಿದಿರಿ. ನಿಲ್ಲಿಸಬೇಕೆಂಬ ಹಳೆಯ ಸಲಹೆ ಬದಲಾದದ್ದು ಇಂಥ ವರದಿಗಳಿಂದಲೇ. ಓರ್ಕಾ ಸಿಗದೆ ಸುಖವಾಗಿ ದಾಟಿದವರೂ ಬರೆದು ಕಳಿಸಬೇಕೆಂದು ಅಸೋಸಿಯೇಷನ್ ಕೇಳುತ್ತದೆ, ಎರಡನ್ನೂ ಹೋಲಿಸಿದಾಗ ಮಾತ್ರ ಯಾವ ದಾರಿ ಸರಿಯೆಂದು ತಿಳಿಯುತ್ತದೆ. ಆನೆ ಗುಂಪಿನಲ್ಲಿ "ಇವತ್ತು ನಮ್ಮ ಕಡೆ ಇಲ್ಲ" ಎಂದು ಬರೆಯುವವರು ಕಡಿಮೆ, ಆದರೆ ಬೆಳಿಗ್ಗೆ ಆಳುಗಳನ್ನು ಕಳಿಸುವವರು ಮೊದಲು ಹುಡುಕುವುದು ಆ ಸಾಲನ್ನೇ. ಪಕ್ಕದ ಮನೆಯ ಹುಡುಗಿ ಮಾಲಗಾ ತಲುಪಿದ ದಿನ ಮೊದಲು ಅಪ್ಪ ಅಮ್ಮನಿಗೆ ಫೋನು ಮಾಡಿ, ಆಮೇಲೆ ಆ ವರದಿಯನ್ನು ತುಂಬುತ್ತೇನೆ ಎಂದು ಮಾತು ಕೊಟ್ಟಿದ್ದಾಳೆ.